ಕೆಂಪು ಕಾರಿನ ನಾಲ್ಕು ಚಕ್ರ

ಚನ್ನಗಿರಿಯಲ್ಲಿ ಚಕ್ರದ ವಿಷಯ ಬಂದರೆ ಕೆಂಚೇಶ್ ಹೇಳಿದ್ದೇ ಕಡೆಯ ಮಾತು. ಶಿವಮೊಗ್ಗ ರಸ್ತೆಯ ಬದಿಗೆ ಅವನ ಟೈರ್ ಅಂಗಡಿ. ಅಂಗಡಿ ಅಂದರೆ ಏನು ಮಹಾ, ನಾಲ್ಕು ಕಂಬದ ಮೇಲೊಂದು ತಗಡು, ಗಾಳಿ ತುಂಬುವ ಮಿಷನ್ನು, ಪಂಚರ್ ನೋಡುವ ನೀರಿನ ತೊಟ್ಟಿ. ಆದರೂ ಟೈರು ಕೂರಿಸುವ ಹಳೆಯ ಕಬ್ಬಿಣದ ಡಿಸ್ಕ್ ಕೊಂಡು ತಂದವರು ಅದನ್ನು ಗಾಡಿಗೆ ಹಾಕುವ ಮೊದಲು ಇಲ್ಲಿಗೆ ಉರುಳಿಸಿಕೊಂಡು ಬರುತ್ತಾರೆ. ಅವನು ಸುತ್ತಿಗೆಯಿಂದ ಒಂದೇಟು ತಟ್ಟಿ, ತಲೆ ಓರೆ ಮಾಡಿ ಕೇಳಿಸಿಕೊಂಡು, "ಬಿರುಕೈತೆ, ವಾಪಸ್ ಕೊಡ್ರಿ" ಅಂದರೆ ವಾಪಸ್ಸು. ಯಾರೂ ಎದುರು ಮಾತಾಡಿದ್ದಿಲ್ಲ. ಹಾಗೆ ಎದುರು ಮಾತಿಲ್ಲದೆ ಬದುಕಿದ ಮನುಷ್ಯನಿಗೆ ತಾನೂ ತಪ್ಪಬಹುದು ಅನ್ನುವುದು ಹೊಳೆಯುವುದು ತಡ.

ಅವನಿಗೆ ಹೊಳೆದದ್ದು ಐವತ್ತೆಂಟನೇ ವಯಸ್ಸಿನಲ್ಲಿ, ಆಯುಧಪೂಜೆಗೆ ಹತ್ತು ದಿನ ಇರುವಾಗ. ಅಷ್ಟರಲ್ಲಿ ಅವನ ಅಣ್ಣ ಪಾಲಣ್ಣ ಸತ್ತು ನಾಲ್ಕು ತಿಂಗಳಾಗಿತ್ತು.

ಅಣ್ಣ ಸತ್ತ ದಿನ ಕೆಂಚೇಶ್ ಅವನಿದ್ದ ಊರು ಗೋವಿನಕೋವಿಗೆ ಹೋಗಿ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಮೂರು ಹಿಡಿ ಮಣ್ಣು ಹಾಕಿ ಬಂದಿದ್ದ. ಅಳು ಬರಲಿಲ್ಲ. ಬರಬೇಕಿತ್ತು ಅಂತ ಅವನಿಗೇ ಅನ್ನಿಸಿ, ಕೈಕಾಲು ತೊಳೆಯುವ ನೆಪದಲ್ಲಿ ಸ್ವಲ್ಪ ಹೊತ್ತು ದೂರ ನಿಂತು ಕಾದ. ಆಗಲೂ ಬರಲಿಲ್ಲ. ಮೂವತ್ತು ವರ್ಷ ಮಾತು ಬಿಟ್ಟವರಿಗೆ ಕಣ್ಣೀರು ಎಲ್ಲಿಂದ ಬಂದೀತು ಅಂತ ತನಗೆ ತಾನೇ ಹೇಳಿಕೊಂಡು ಬಸ್ಸು ಹತ್ತಿದ. ಅಂದಿನಿಂದ ಅವನಿಗೆ ಬಾಯಿರುಚಿ ಹೋಯಿತು. ಸಾರಿಗೆ ಉಪ್ಪು ಬೀಳದಿದ್ದರೂ ತಿಳಿಯುತ್ತಿರಲಿಲ್ಲ, ಅದನ್ನು ಕಂಡು ಹೆಂಡತಿ ಮಾಲಾ ಬಯ್ದರೂ ತಟ್ಟುತ್ತಿರಲಿಲ್ಲ.

ಆ ಮಾತು ಬಿಟ್ಟ ಕಥೆಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅಡಿಕೆ ಮಂಡಿಯ ನಾಗರಾಜಪ್ಪ ಸಾಹುಕಾರರು ಆ ಕಾಲಕ್ಕೆ ಹೊರದೇಶದ ಒಂದು ಕೆಂಪು ಸ್ಪೋರ್ಟ್ಸ್ ಕಾರು ಕೊಂಡಿದ್ದರು. ಆಗಲೇ ಅದು ಹಳೆಯದು. ಎರಡೇ ಬಾಗಿಲು, ನೆಲಕ್ಕೆ ತಾಗುವಷ್ಟು ತಗ್ಗು. ಅದರಲ್ಲಿ ಕೂರಬೇಕಾದರೆ ಸಾಹುಕಾರರು ಪಂಚೆ ಎತ್ತಿ ಕಟ್ಟಿ, ಬಾವಿಗೆ ಇಳಿಯುವವರ ಹಾಗೆ ಇಳಿಯಬೇಕಿತ್ತು. ಓಡಿಸುತ್ತಿದ್ದವನು ಪಾಲಣ್ಣ. ಅದಕ್ಕೆ ಕೈ ಹಾಕುವ ಧೈರ್ಯ ಊರಲ್ಲಿ ಇದ್ದದ್ದು ಅವನೊಬ್ಬನಿಗೇ, ಹಾಗಾಗಿ ಕೀಲಿಯೂ ಅವನ ಹತ್ತಿರವೇ ಇರುತ್ತಿತ್ತು. ಹೊಸದಾಗಿ ಟೈರ್ ಅಂಗಡಿ ಇಟ್ಟಿದ್ದ ತಮ್ಮನಿಗೆ ಆ ಕಾರಿನ ಚಕ್ರದ ಕೆಲಸ ಕೊಡಿಸಿದವನೂ ಅವನೇ.

ಒಂದು ವರ್ಷ ಕಾರು ಒಂದೇ ಕಡೆಗೆ ಎಳೆಯತೊಡಗಿತು. ಆಯುಧಪೂಜೆಯ ದಿನ ಮಂಡಿಯ ಅಂಗಳದಲ್ಲಿ, ಹಮಾಲರು, ದಲಾಲರು, ಪೂಜೆಗೆ ಬಂದ ನೆಂಟರು ಎಲ್ಲರೂ ಇರುವಾಗ, ಸಾಹುಕಾರರು ಕೆಂಚೇಶನಿಗೆ ಚಕ್ರ ಬಿಚ್ಚಿ ನೋಡಲು ಹೇಳಿದರು. ಅವನು ನಾಲ್ಕನ್ನೂ ಬಿಚ್ಚಿ, ಹಿಂಭಾಗದ ಮಣ್ಣು ಕೆರೆದು, ಸೀಮೆಎಣ್ಣೆಯಲ್ಲಿ ಒರೆಸಿದ. ಎರಡು ಚಕ್ರದ ಮೇಲೆ ಒಂದು ನಂಬರು, ಉಳಿದೆರಡರ ಮೇಲೆ ಬೇರೆ ನಂಬರು. ಮುಂದಿನ ಜೋಡಿಯಲ್ಲಿ ಒಂದು ಹೀಗೆ, ಒಂದು ಹಾಗೆ. ಹಿಂದಿನ ಜೋಡಿಯಲ್ಲೂ ಅಷ್ಟೇ. ಒಂದು ಕಾರಿಗೆ ಯಾವ ಕಂಪನಿಯವನು ಎರಡು ನಂಬರಿನ ಚಕ್ರ ಹಾಕುತ್ತಾನೆ? ಲಾರಿಯಲ್ಲಿ, ಜೀಪಿನಲ್ಲಿ, ಅಂಬಾಸಿಡರಿನಲ್ಲಿ ಕೆಂಚೇಶ್ ಅಂಥದ್ದನ್ನು ಕಂಡಿರಲಿಲ್ಲ.

"ಇದ್ರಾಗೆ ಎರಡು ಚಕ್ರ ಕಂಪನಿಯವಲ್ಲ ಸಾವ್ಕಾರ್ರೆ. ಯಾರೋ ಬದಲಾಯಿಸ್ಯಾರೆ" ಅಂದ.

"ಯಾರು?" ಅಂದರು ಸಾಹುಕಾರರು.

ಅಷ್ಟು ಜನ ತನ್ನ ಬಾಯಿಯನ್ನೇ ನೋಡುತ್ತ ನಿಂತದ್ದು ಅವನ ಜೀವನದಲ್ಲಿ ಅದೇ ಮೊದಲು. ಇಪ್ಪತ್ತೆಂಟರ ವಯಸ್ಸು, ಗತ್ತು ನೆತ್ತಿಗೇರಿತ್ತು. "ಡ್ರೈವರ್‌ನ ಕೇಳ್ರಿ" ಅಂದ.

ಡ್ರೈವರ್ ಅಂದನೇ ಹೊರತು ನಮ್ಮಣ್ಣ ಅನ್ನಲಿಲ್ಲ. ಪಾಲಣ್ಣ ಅಲ್ಲೇ ಬಾಳೆಕಂದು ಹಿಡಿದು ನಿಂತಿದ್ದ. "ನಾನು ಮುಟ್ಟಿಲ್ಲ" ಅಂತ ಎರಡು ಸಲ ಹೇಳಿದ. ಆಮೇಲೆ ಕೀಲಿ ತೆಗೆದು ಕಾರಿನ ಮೇಲಿಟ್ಟು ಹೊರಟುಹೋದ. ಪೊಲೀಸು ಗಿಲೀಸು ಏನೂ ಆಗಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಚಕ್ರ ಕದ್ದ ಪಾಲಣ್ಣ ಅನ್ನುವ ಹೆಸರು ಹೊನ್ನಾಳಿಗೂ ನ್ಯಾಮತಿಗೂ ಅವನಿಗಿಂತ ಮೊದಲೇ ಹೋಗಿ ಕೂತಿತ್ತು. ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ಹೆಂಡತಿ ಉಡಚಮ್ಮನ ತವರೂರು ಗೋವಿನಕೋವಿಗೆ ಹೋಗಿ ಕಂಡವರ ಹೊಲದಲ್ಲಿ ಕೂಲಿ ಮಾಡಿದ. ಇತ್ತ ಕೆಂಚೇಶನ ಅಂಗಡಿಗೆ ಗಿರಾಕಿಗಳು ಹೆಚ್ಚಿದರು. ಒಡಹುಟ್ಟಿದವನು ಅಂತಲೂ ನೋಡದೆ ನಿಜ ಹೇಳಿದವನಲ್ಲವೇ.

ಈಗ ಸಾಹುಕಾರರಿಗೆ ಎಂಬತ್ತು ದಾಟಿದೆ, ಕಿವಿ ಮಂದ. ಮಂಡಿ ನೋಡಿಕೊಳ್ಳುವ ಮಗ ವಿನಯ್ ಕುಮಾರ್, ಗೋದಾಮಿನ ಮೂಲೆಯಲ್ಲಿ ತಾಡಪಾಲು ಹೊದ್ದು ನಿಂತಿದ್ದ ಆ ಕಾರನ್ನು ಮಾರಲು ನಿಂತಿದ್ದ. ಕೊಳ್ಳಲು ಬಂದವನು ದಾವಣಗೆರೆಯ ಪ್ರವೀಣ್ ಕುಮಾರ್, ಹಳೆಯ ಕಾರುಗಳ ಹುಚ್ಚು ಹಿಡಿದವನು. ಅವನಿಗೆ ಕಾರಿನ ಜೊತೆ ಹುಟ್ಟಿದ ಚಕ್ರಗಳೇ ಬೇಕು. ವಿನಯ್ ಕುಮಾರ್ ಕೆಂಚೇಶನನ್ನು ಕರೆಸಿ, "ಎರಡು ಡೂಪ್ಲಿಕೇಟ್ ಅಂತ ಅಪ್ಪಾಜಿ ಹೇಳ್ತಿದ್ರು. ಯಾವೆರಡು ಅಂತ ಗುರುತು ಮಾಡಿ ಕೊಡ್ರಿ, ಇದ್ದದ್ದು ಇದ್ದಂಗೆ ಹೇಳಿಬಿಡಾಣ" ಅಂದ.

ಕೆಂಚೇಶ್ ಜಾಕ್ ಕೊಟ್ಟು ನಾಲ್ಕನ್ನೂ ಬಿಚ್ಚಿ ಗೋಣಿಚೀಲದ ಮೇಲೆ ಮಲಗಿಸಿದ. ಪ್ರವೀಣ್ ಕುಮಾರ್ ಶರಟಿನ ತೋಳು ಮಡಚಿ ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

"ಮುಂಭಾಗ ನೋಡಾಕೆ ಹೋಗಬ್ಯಾಡ್ರಿ. ಅದನ್ನ ಯಾರು ಬೇಕಾದ್ರೂ ಹಂಗೇ ಮಾಡಿಬಿಡ್ತಾರೆ. ಹಿಂಭಾಗ ಹೇಳಿದ್ದೇ ನಿಜ" ಅಂದ.

ಕೆಂಚೇಶ್ ವೈರ್ ಬ್ರಷ್ಷಿನಿಂದ ತಿಕ್ಕಿದ. ಜಿಡ್ಡಿನ ಅಡಿಯಿಂದ ಅಚ್ಚು ಎದ್ದು ಬಂತು. ಮಾಡಿದ ಕಾರ್ಖಾನೆಯ ಗುರುತು, ಕೆಳಗೆ ಉದ್ದನೆಯ ನಂಬರು, ಅದರ ಪಕ್ಕ ಅಗಲದ ಅಳತೆ, ಬೋಲ್ಟಿನ ತೂತಿನ ಹತ್ತಿರ ಎರಕ ಹೊಯ್ದ ತಿಂಗಳು, ವರ್ಷ. ಮೂವತ್ತು ವರ್ಷದ ಹಿಂದೆ ಅವನು ಓದಿದ್ದು ಉದ್ದನೆಯ ನಂಬರು ಒಂದನ್ನೇ. ಉಳಿದದ್ದಕ್ಕೆ ಏನರ್ಥ ಅಂತ ಅವನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತ ಹೇಳಿರಲೂ ಇಲ್ಲ.

"ಇದು ಆರು ಇಂಚು" ಅಂದ ಕೆಂಚೇಶ್. ಪಕ್ಕದ ಚಕ್ರಕ್ಕೆ ಸರಿದ. "ಇದು ಏಳು. ನಂಬರ್ರೂ ಬ್ಯಾರೆ. ಅದಕ್ಕೇ ನಾನು ಹೇಳಿದ್ದು."

"ಏಳು ಇರಬೇಕಲ್ರಿ" ಅಂದ ಪ್ರವೀಣ್ ಕುಮಾರ್, ಆರಾಮಾಗಿ. "ಎಂಜಿನ್ನು ಹಿಂದೈತೆ, ಭಾರ ಎಲ್ಲಾ ಹಿಂದೆ. ಮುಂದಕ್ಕೆ ಆರು, ಹಿಂದಕ್ಕೆ ಏಳು. ಕಂಪನಿಯವ್ರೇ ಹಂಗೆ ಮಾಡಿ ಕಳಿಸಿದ್ದು." ಮೊಬೈಲಿನಲ್ಲಿ ಕಾರ್ಖಾನೆಯ ಹಳೆಯ ಪಟ್ಟಿ ತೆಗೆದು ತೋರಿಸಿದ. ಎರಡು ನಂಬರುಗಳೂ ಅದರಲ್ಲಿದ್ದವು, ಒಂದರ ಕೆಳಗೊಂದು. ಎರಕದ ತಿಂಗಳು ನಾಲ್ಕರ ಮೇಲೂ ಒಂದೇ ಆಗಿತ್ತು, ಕಾರಿನ ತಗಡಿನ ಮೇಲೆ ಕೊರೆದಿದ್ದ ತಯಾರಿಕೆಯ ತಾರೀಖಿಗೆ ಮೂರು ತಿಂಗಳು ಮುಂಚೆ. "ಈ ನಾಲ್ಕೂ ಒಡಹುಟ್ಟಿದವು ಕಣ್ರಿ. ಆದ್ರೆ ಮುಂದೆ ಎಡಕ್ಕಿರೋದು ಏಳಿಂದು, ಹಿಂದೆ ಬಲಕ್ಕಿರೋದು ಆರಿಂದು. ಯಾವನೋ ಪುಣ್ಯಾತ್ಮ ಮೂಲೆಗೆ ಮೂಲೆ ಬದಲಿಸಿಬಿಟ್ಟವ್ನೆ."

ಆ ಪುಣ್ಯಾತ್ಮ ಯಾರು ಅಂತ ಕೆಂಚೇಶನಿಗೆ ಗೊತ್ತಿತ್ತು. ಈ ಕಡೆಯ ಲಾರಿಯವರಲ್ಲಿ ಒಂದು ರೂಢಿ ಉಂಟು. ಆಯುಧಪೂಜೆಗೆ ಚಕ್ರ ಬಿಚ್ಚಿ ತೊಳೆದು ಬಣ್ಣ ಹೊಡೆದ ಮೇಲೆ, ಟೈರು ಒಂದೇ ಸಮ ಸವೆಯಲಿ ಅಂತ ಮುಂದಿನ ಎಡದ್ದನ್ನು ಹಿಂದಿನ ಬಲಕ್ಕೆ, ಅಲ್ಲಿಯದನ್ನು ಇಲ್ಲಿಗೆ ಹಾಕುತ್ತಾರೆ. ಮರುವರ್ಷ ಇನ್ನೊಂದು ಮೂಲೆಯ ಸರದಿ. ಸಾಹುಕಾರರ ಕಾರಿಗೂ ಒಂದು ವರ್ಷ ಕೆಂಚೇಶನೇ ಹಾಗೆ ಮಾಡಿದ್ದ. ಯಾರೂ ಹೇಳಿರಲಿಲ್ಲ, ಒಳ್ಳೆಯದಾಗಲಿ ಅಂತ ತಾನಾಗಿ ಮಾಡಿದ್ದು. ಬೇರೆ ಬೇರೆ ಅಳತೆಯ ಟೈರು ಸಿಗದೆ ನಾಲ್ಕಕ್ಕೂ ಒಂದೇ ಅಳತೆಯದು ತೊಡಿಸಿದ್ದರಿಂದ ಅಗಲದ ವ್ಯತ್ಯಾಸ ಕಣ್ಣಿಗೆ ಬಿದ್ದಿರಲಿಲ್ಲ. ಆ ಪೂಜೆ ಆದ ಮೇಲೆಯೇ ಕಾರು ಎಳೆಯಲು ಶುರುವಾದದ್ದು. ಮರುವರ್ಷದ ಪೂಜೆಗೆ ಅವನೇ ಬಂದು, ಅವನೇ ಬದಲಿಸಿದ್ದನ್ನು ಅವನೇ ಹಿಡಿದು, ಡ್ರೈವರನ್ನು ಕೇಳಿ ಅಂದಿದ್ದ.

ಎದೆ ಒಡೆಯಿತೇ ಅಂದರೆ, ಇಲ್ಲ. ನಾಲ್ಕು ಚಕ್ರಗಳನ್ನೂ ಅವುಗಳ ಸರಿಯಾದ ಜಾಗಕ್ಕೆ ಹಾಕಿ ಒಂದೊಂದೇ ಬೋಲ್ಟು ಬಿಗಿದ. ಯಾರದೋ ಕೈ ಆ ಕೆಲಸ ಮಾಡುತ್ತಿದೆ, ತಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೇನೆ ಅನ್ನಿಸಿತು. "ನಾಲ್ಕೂ ಕಂಪನಿಯವೇ" ಅಂತಷ್ಟೇ ಹೇಳಿ ಮನೆಗೆ ಬಂದ.

ಮರುದಿನ ಹೊನ್ನಾಳಿಯವನೊಬ್ಬ ಟ್ರ್ಯಾಕ್ಟರ್ ಟ್ರೇಲರಿನ ಡಿಸ್ಕ್ ತಂದ. ಕೆಂಚೇಶ್ ಸುತ್ತಿಗೆ ಎತ್ತಿ ತಟ್ಟಿದ. ಸದ್ದು ಸರಿಯಾಗಿಯೇ ಕೇಳಿಸಿತು. ಆದರೂ ಸುತ್ತಿಗೆ ಕೆಳಗಿಟ್ಟು, "ಬ್ಯಾರೆ ಯಾರಿಗಾದ್ರೂ ತೋರಿಸ್ರಿ" ಅಂದ. ಬಂದವನು ಇವನಿಗೆ ಮೈ ಹುಷಾರಿಲ್ಲ ಅಂದುಕೊಂಡು ಹೋದ. ಹೀಗೆ ಮೂರು ದಿನ ಕಳೆದ ಮೇಲೆ ಕೆಂಚೇಶ್ ಅಂಗಡಿಗೆ ಬೀಗ ಹಾಕಿ ಗೋವಿನಕೋವಿಗೆ ಹೋದ.

ಅತ್ತಿಗೆ ಉಡಚಮ್ಮ ಜಗಲಿಯಲ್ಲಿ ಮೊರ ಹಿಡಿದು ಅಲಸಂದೆ ಹಸನು ಮಾಡುತ್ತಿದ್ದಳು. ಒಳಗೆ ಬುದ್ಧ ಮತ್ತು ಬಾಬಾಸಾಹೇಬರ ಪಟಗಳ ಪಕ್ಕದಲ್ಲಿ ಪಾಲಣ್ಣನ ಪಟ ಹೊಸದಾಗಿ ಬಂದಿತ್ತು. ಕೆಂಚೇಶ್ ಚಪ್ಪಲಿ ಬಿಟ್ಟು, ಕೂರದೆ, ನಿಂತಲ್ಲೇ ಎಲ್ಲವನ್ನೂ ಹೇಳಿದ. ಆರು ಇಂಚು, ಏಳು ಇಂಚು, ಮೂಲೆಗೆ ಮೂಲೆ. ಹೇಳುವಾಗ ದನಿಯಲ್ಲಿ ಏರಿಳಿತವೇ ಇರಲಿಲ್ಲ. ಕೊನೆಗೆ, "ಅಣ್ಣ ಕದ್ದಿರಲಿಲ್ಲ ಅತ್ತಿಗೆ" ಅಂದ.

ಉಡಚಮ್ಮ ಒಂದು ಹುಳುಕು ಕಾಳು ಆರಿಸಿ ಎಸೆದಳು. "ಅದನ್ನ ನನಗ್ಯಾಕೆ ಹೇಳ್ತಿ ಕೆಂಚೇಶಪ್ಪ? ನನಗೆ ಆವತ್ತೇ ಗೊತ್ತಿತ್ತು."

ನ್ಯಾಮತಿಯಲ್ಲಿ ಟೀಚರಾಗಿರುವ ಮಗಳು ಸಂಘಮಿತ್ರಾ ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರು ತಂದು ಅವನ ಕೈಗಿಟ್ಟಳು. ಅದರಲ್ಲಿ ಪಾಲಣ್ಣನ ಡ್ರೈವಿಂಗ್ ಲೈಸೆನ್ಸು ಇತ್ತು.

"ಅಪ್ಪ ಇದನ್ನ ರಿನಿವಲ್ ಮಾಡಿಸ್ತಾನೇ ಇದ್ರು ಚಿಕ್ಕಪ್ಪ. ಯಾರಾದ್ರೂ ಕರೆದ್ರೆ ಕೈಯಾಗೆ ಇರಬೇಕು ಅಂತಿದ್ರು. ಯಾರೂ ಕರೀಲಿಲ್ಲ" ಅಂದಳು.

ಪಟದಲ್ಲಿರುವ ಮುಖವೇ ಲೈಸೆನ್ಸಿನಲ್ಲೂ ಇತ್ತು, ಸ್ವಲ್ಪ ಚಿಕ್ಕ ವಯಸ್ಸಿನದು. ಕೆಂಚೇಶ್ ಅದನ್ನು ತಿರುಗಿಸಿ ಹಿಂಭಾಗ ನೋಡಿದ. ಅಭ್ಯಾಸ ಬಲ. ನೋಡಿ, ವಾಪಸ್ಸು ಕೊಟ್ಟ.

"ಆವತ್ತು ಎಲ್ಲಿ ಹೇಳಿದ್ದೆ ನೀನು?" ಅಂದಳು ಉಡಚಮ್ಮ. "ಮಂಡಿ ಅಂಗಳದಾಗೆ, ಪೂಜೆ ದಿನ, ಜನದ ಮುಂದೆ. ಅಲ್ಲಿ ಆಡಿದ ಮಾತನ್ನ ಇಲ್ಲಿ ತಂದು ನನ್ನ ಮೊರದಾಗೆ ಸುರಿದ್ರೆ ಹೆಂಗೆ? ಅಲ್ಲೇ ಹೋಗಿ ಹೇಳು." ಆಮೇಲೆ ಎದ್ದು ನಿಂತು ಸೆರಗು ಕೊಡವಿದಳು. "ಹಂಗೇ ಹೋಗಬ್ಯಾಡ. ಉಂಡು ಹೋಗು."

ಅವನು ಉಂಡ. ರುಚಿ ಏನೂ ತಿಳಿಯಲಿಲ್ಲ.

ಉಡಚಮ್ಮ ಹೇಳಿದ್ದು ಸಣ್ಣ ಮಾತಲ್ಲ. ಚಕ್ರದ ವಿಷಯದಲ್ಲಿ ಕೆಂಚೇಶ್ ತಪ್ಪಿದ ಅಂತ ಮಂಡಿಯಲ್ಲಿ ಒಮ್ಮೆ ಕೇಳಿಸಿದರೆ, ಸಂತೆಯ ಹೊತ್ತಿಗೆ ಅದು ಮೂರು ತಾಲ್ಲೂಕಿಗೆ ಗೊತ್ತಾಗುತ್ತದೆ. ಅವನ ಬಾಯಿಮಾತಿನ ಮೇಲೆ ನಿಂತ ಅಂಗಡಿ ಅದು. ಅಣ್ಣನ ಹೆಸರು ತೊಳೆಯಬೇಕಾದರೆ ತನ್ನದನ್ನು ಕೊಳೆ ಮಾಡಿಕೊಳ್ಳಲೇಬೇಕು. ಬಸ್ಸಿನಲ್ಲಿ ಬರುತ್ತ ಅವನು ಇದನ್ನೆಲ್ಲ ಯೋಚಿಸಿದ. ಭಯವಾಗಬೇಕಿತ್ತು, ಅದೂ ಆಗಲಿಲ್ಲ.

ಆಯುಧಪೂಜೆಯ ದಿನ ಮಂಡಿಯ ಅಂಗಳದಲ್ಲಿ ಕೆಂಪು ಕಾರನ್ನು ತೊಳೆದು ನಿಲ್ಲಿಸಿದ್ದರು. ಪೂಜೆ ಮುಗಿದ ಮೇಲೆ ಅದು ದಾವಣಗೆರೆಗೆ ಹೋಗುವುದಿತ್ತು. ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟಾಗಿತ್ತು. ಸಾಹುಕಾರರು ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು, ಸುತ್ತ ಹಮಾಲರು, ದಲಾಲರು, ನೆಂಟರು. ಕೆಂಚೇಶ್ ಮುಂದೆ ಬಂದು ಕೈ ಮುಗಿದ.

"ಸಾವ್ಕಾರ್ರೆ, ಒಂದು ಮಾತು ಹೇಳಾಕೆ ಬಂದೀನಿ. ಮೂವತ್ತು ವರ್ಷದ ಹಿಂದೆ ಇದೇ ಅಂಗಳದಾಗೆ, ಈ ಕಾರಿನ ಎರಡು ಚಕ್ರ ಕಂಪನಿಯವಲ್ಲ ಅಂದಿದ್ದೆ. ಅದು ಸುಳ್ಳು. ನಾಲ್ಕೂ ಕಂಪನಿಯವೇ. ಅವನ್ನ ಮೂಲೆಗೆ ಮೂಲೆ ಬದಲಿಸಿದೋನೂ ನಾನೇ. ನನಗೆ ಚಕ್ರ ಗೊತ್ತಿರಲಿಲ್ಲ. ಪಾಲಣ್ಣ ಕದ್ದಿರಲಿಲ್ಲ."

ತಮಟೆಯವನು ಕೈ ನಿಲ್ಲಿಸಿದ. ಹಿಂದೆ ಯಾರೋ, ಕೆಂಚೇಶಂದೇ ತಪ್ಪಂತೆ ಕಣೋ, ಅಂದದ್ದು ಅವನಿಗೆ ಕೇಳಿಸಿತು.

ವಿನಯ್ ಕುಮಾರ್ ಮುಜುಗರದಿಂದ ಹತ್ತಿರ ಬಂದ. "ಈಗ್ಯಾಕ್ರಿ ಅದೆಲ್ಲಾ, ಪೂಜೆ ಹೊತ್ತಿನಾಗೆ."

"ಆವತ್ತೂ ಪೂಜೆ ಹೊತ್ತೇ ಆಗಿತ್ರಿ" ಅಂದ ಕೆಂಚೇಶ್.

ಸಾಹುಕಾರರು ಕಿವಿಗೆ ಕೈ ಅಡ್ಡ ಕೊಟ್ಟು ಅವನ ಮುಖವನ್ನೇ ನೋಡುತ್ತಿದ್ದರು. ನೆನಪು ಮಾಡಿಕೊಳ್ಳಲು ನೋಡಿದರು. ಸಿಗಲಿಲ್ಲ.

"ಯಾವ ಪಾಲಣ್ಣ?" ಅಂದರು.

ನಿಮ್ಮ ಡ್ರೈವರ್ ಅನ್ನುವ ಮಾತು ಕೆಂಚೇಶನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ.

"ನಮ್ಮಣ್ಣ" ಅಂದ.

"ಯಾರು? ಜೋರಾಗಿ ಹೇಳೋ, ಕೇಳಂಗಿಲ್ಲ ನನಗೆ."

"ನಮ್ಮಣ್ಣ" ಅಂತ ಕೆಂಚೇಶ್ ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದ. ನಾಲ್ಕು ತಿಂಗಳಿಂದ ಬಾರದಿದ್ದ ಅಳು ಆಗ ಬಂತು.