ಬೋದಿಲ್ ಕಾರಿನ ಕೊಕ್ಕೆ

ತೋರ್ಕಿಲನ ಶವಪೆಟ್ಟಿಗೆಯನ್ನು ವಾಹನಕ್ಕೇರಿಸಿ, ಊರವರೆಲ್ಲ ಟೋಪಿ ಕಳಚಿ ತಲೆ ತಗ್ಗಿಸಿ ನಿಂತಾಗ, ಆ ವಾಹನ ಹೊರಡಲು ದಾರಿಯೇ ಇಲ್ಲವೆಂಬುದು ಗಮನಕ್ಕೆ ಬಂತು. ಚರ್ಚಿನ ಗೇಟಿಗೆ ಅಡ್ಡವಾಗಿ ಒಂದು ಹಳೆಯ ಕಾರು ನಿಂತಿತ್ತು. ಅದು ಆಸ್ಗರನದು. ಚರ್ಚಿನಲ್ಲಿ ಹಾಡು ಎತ್ತಿಕೊಡುವವನು ಅವನೇ. ತಡವಾಯಿತೆಂದು ಸಿಕ್ಕಲ್ಲಿ ಕಾರು ಬಿಟ್ಟು ಒಳಗೆ ಓಡಿದ್ದ. ಈಗ ಅರವತ್ತು ಜನರ ಮೌನದ ನಡುವೆ ತುದಿಗಾಲಲ್ಲಿ ಹೋಗಿ ಕಾರು ಹತ್ತಿ, ಆದಷ್ಟು ಮೆಲ್ಲಗೆ ಹಿಂದಕ್ಕೆ ತೆಗೆದ. ಹಿಂದಿನ ಚಕ್ರ ಒಂದು ಕಲ್ಲು ಹತ್ತಿ ಇಳಿಯಿತು. ಸೈಲೆನ್ಸರು ಕಳಚಿ ಬಿತ್ತು. ಹದಿನೇಳು ವರ್ಷ ಹೆಸರಿಗೆ ತಕ್ಕಂತೆ ಸುಮ್ಮನಿದ್ದದ್ದು, ಹೋಗುವಾಗ ಮಾತ್ರ ಊರಿಗೆಲ್ಲ ಕೇಳುವ ಹಾಗೆ ಹೋಯಿತು.

ಆಸ್ಗರ್ ಕೆಂಪಗಾಗಿ ಇಳಿದು, ತೋರ್ಕಿಲನ ಹೆಂಡತಿ ಮೇತಾಳ ಮುಂದೆ ನಿಂತ. ಆಕೆಗೆ ಎಂಬತ್ತಾರು.

"ಕ್ಷಮಿಸಿ ಮೇತಾ. ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ."

"ಇರ್ಲಿ ಬಿಡು. ತೋರ್ಕಿಲ್‌ಗೆ ಕಿವಿ ಮಂದ. ಒಳಗೆ ನೀನು ಹಾಡಿದ್ದು ಕೇಳಿಸ್ತೋ ಇಲ್ವೋ, ಇದಂತೂ ಕೇಳಿಸಿರುತ್ತೆ."

ಆಮೇಲೆ ಕಾಫಿಗೆ ಕೂತಾಗ ಆಸ್ಗರನ ಪಕ್ಕದ ಮನೆಯ ಐಗಿಲ್ ಸುಮ್ಮನಿರಲಿಲ್ಲ. "ನಮ್ಮ ಚರ್ಚಿನ ಆರ್ಗನ್ನಿಗೆ ಒಂದು ಕೊಳವೆ ಕಮ್ಮಿ ಅಂತಿದ್ರಲ್ಲ, ಸಿಕ್ತು ನೋಡು!"

ಸೈಲೆನ್ಸರನ್ನು ಟವೆಲಿನಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಗರ್ ಮತ್ತು ಅವನ ಹೆಂಡತಿ ಬೋದಿಲ್ ಮನೆಗೆ ಹೊರಟರು. ಆ ಗದ್ದಲದಲ್ಲಿ ಆಸ್ಗರ್ ಕೂಗಿ ಹೇಳಬೇಕಾಯಿತು. "ಸಾಕು! ಹೊಸ ಕಾರು! ಲೀಸಿಗೆ!"

"ಹಾಗೂ ಅನ್ನಬಹುದು," ಎಂದಳು ಬೋದಿಲ್.

ಡೆನ್ಮಾರ್ಕಿನ ಈ ಪಡುವಣ ಮೂಲೆಯಲ್ಲಿ 'ಹಾಗೂ ಅನ್ನಬಹುದು' ಎಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ. ಆ ಮಾತಿನ ಮೇಲೆ ಮನೆ ಕಟ್ಟಿದವರೂ ಇದ್ದಾರೆ, ಮನೆ ಕಳೆದುಕೊಂಡವರೂ ಇದ್ದಾರೆ.

ಬೋದಿಲಳದು ಕಾಲಿನ ಕೆಲಸ. ಮನೆಮನೆಗೆ ಹೋಗಿ ವಯಸ್ಸಾದವರ ಪಾದ ನೆನೆಸಿ, ಉಗುರು ಕತ್ತರಿಸಿ, ಆಣಿ ಹೆರೆದು, ಎಣ್ಣೆ ತಿಕ್ಕಿ ಬರುವುದು. ಇಪ್ಪತ್ತೇಳು ವರ್ಷದಿಂದ ಇದೇ. ಪಾದ್ರಿಗೆ ಊರು ಮೇಲಿನಿಂದ ಗೊತ್ತು, ಬೋದಿಲಳಿಗೆ ಕೆಳಗಿನಿಂದ. ಯಾರು ಯಾವ ಮಗಳ ಮದುವೆಯಲ್ಲಿ ಬಿಗಿ ಬೂಟು ಹಾಕಿ ಹೆಬ್ಬೆರಳು ಕೆಡಿಸಿಕೊಂಡರು, ಯಾರು ಸಕ್ಕರೆ ಕಾಯಿಲೆಯೆಂದು ಹೇಳಿಕೊಂಡೂ ಕೇಕು ಬಿಡಲಿಲ್ಲ, ಎಲ್ಲವೂ ಅವಳಿಗೆ ಹಿಮ್ಮಡಿಯಲ್ಲೇ ಕಾಣುತ್ತಿತ್ತು. ಕಂಡದ್ದನ್ನು ಹೊರಗೆ ಆಡುತ್ತಿರಲಿಲ್ಲ. ಮನೆಯೊಳಗೂ ಆಡುತ್ತಿರಲಿಲ್ಲ, ಹಿಂದೆ ಗಣಿತದ ಮೇಷ್ಟರಾಗಿದ್ದ ಆಸ್ಗರನೇ ಇಬ್ಬರ ಪಾಲಿನ ಮಾತನ್ನೂ ಆಡಿ ಮುಗಿಸುತ್ತಿದ್ದ. ಅವಳಿಗೆ ಅರವತ್ತೆರಡಾಗಿತ್ತು. ಮನೆಮನೆ ಸುತ್ತುವವರು ಸುತ್ತಮುತ್ತ ಬೇರಾರೂ ಉಳಿದಿರಲಿಲ್ಲ. ಹೊಸಬರೆಲ್ಲ ಪೇಟೆಯಲ್ಲಿ ಅಂಗಡಿ ತೆರೆದು, ಕಾಲೇ ತಮ್ಮ ಹತ್ತಿರ ನಡೆದು ಬರಲೆಂದು ಕೂತಿದ್ದರು.

ಐಗಿಲ್ ಸೈಲೆನ್ಸರನ್ನು ತಂತಿಯಲ್ಲಿ ಕಟ್ಟಿಕೊಟ್ಟ. ಆ ವಾರವೆಲ್ಲ ಬೋದಿಲ್ ಬರುವುದು ಎರಡು ಹೊಲದಾಚೆಗೇ ಕೇಳುತ್ತಿತ್ತು. ಮುದುಕರು ಮೊದಲೇ ಕಾಲುಚೀಲ ಬಿಚ್ಚಿ ಕೂರುತ್ತಿದ್ದರು.

ಗುರುವಾರ ಆಸ್ಗರ್ ಅವಳನ್ನು ಪೇಟೆಯ ಶೋರೂಮಿಗೆ ಕರೆದೊಯ್ದ. ಅಲ್ಲಿ ಯಾನಿಕ್ ಎಂಬ ಹುಡುಗ, ಕೋಪನ್‌ಹೇಗನ್‌ನಿಂದ ಬಂದವನು, ಇಬ್ಬರಿಗೂ ಕಾಫಿ ಕೊಟ್ಟು, ಬೆಳ್ಳಿ ಬಣ್ಣದ ಬ್ಯಾಟರಿ ಕಾರಿನ ಮುಂದೆ ನಿಲ್ಲಿಸಿದ. ಆಸ್ಗರ್ ಕಾರು ನೋಡಿದ. ಬೋದಿಲ್ ಯಾನಿಕನ ಚೂಪು ಬೂಟು ನೋಡಿದಳು.

"ಮೂರು ವರ್ಷ ನಿಮಗೆ ಏನೂ ತಲೆನೋವಿಲ್ಲ," ಎಂದ ಯಾನಿಕ್. "ವರ್ಷಕ್ಕೆ ಹದಿನೈದು ಸಾವಿರ ಕಿಲೋಮೀಟರ್ ಓಡಿಸಬಹುದು. ಮೀರಿದ್ರೆ ಕಿಲೋಮೀಟರಿಗಿಷ್ಟು ಅಂತ ಕಟ್ಟಬೇಕು. ಕೊನೇಲಿ ಗೀರು ಕಲೆ ಇಲ್ದೆ ವಾಪಸ್ ಕೊಟ್ರೆ ಆಯ್ತು."

"ಹಾಗಾದ್ರೆ ಕಾರು ನಿಮ್ದೇ," ಎಂದಳು ಬೋದಿಲ್.

"ಒಂಥರಾ ಹೌದು."

"ತೊಳೆಯೋರು ಯಾರು?"

"...ನೀವು."

"ಓ." ಅವಳು ಕಾರಿನ ಹಿಂದಕ್ಕೆ ಹೋಗಿ ಬಗ್ಗಿದಳು. "ಕೊಕ್ಕೆ ಎಲ್ಲಿ?"

ಟ್ರೇಲರ್ ಸಿಕ್ಕಿಸುವ ಕೊಕ್ಕೆ. ಈ ಮಾದರಿಗೆ ಅದನ್ನು ಹಾಕಲು ಬರುವುದಿಲ್ಲವೆಂದು ಯಾನಿಕ್ ತಣ್ಣಗೆ ಹೇಳಿದ, ಯಾವುದೋ ಸಣ್ಣ ವಿಷಯವೆಂಬಂತೆ. ಆಸ್ಗರ್ ನಿಟ್ಟುಸಿರು ಬಿಟ್ಟ. "ನೋಡಿದ್ರಾ, ಎಂಥ ಕಾರಿಗೂ ನಮ್ಮನೆಯವಳದ್ದೊಂದು ಕೊಕ್ಕೆ ಇದ್ದೇ ಇರುತ್ತೆ." ಹಾಗಂದನಾದರೂ ಅವನಿಗೂ ಒಳಗೊಳಗೇ ಅಳುಕಾಯಿತು. ಎಲೆ, ಕೊಂಬೆ, ಹಳೆ ಸೋಫಾ ಯಾವುದನ್ನು ಸಾಗಿಸುವುದಕ್ಕೂ ಬೀದಿಯವರೆಲ್ಲ ಐಗಿಲನ ಟ್ರೇಲರನ್ನೇ ಎಳೆಯುತ್ತಿದ್ದರು. ಕೊಕ್ಕೆಯಿಲ್ಲದ ಕಾರು ಬಾಲವಿಲ್ಲದ ಹಸುವೆಂದು ಐಗಿಲನೇ ಹೇಳುತ್ತಿದ್ದ: ಹಾಲೇನೋ ಕೊಟ್ಟೀತು, ನೊಣ ಓಡಿಸುವವರು ಯಾರು?

ಬೋದಿಲ್ ಕಾಫಿಯನ್ನು ಒಂದು ಗುಟುಕು ಕುಡಿದಳು. ಕಾರನ್ನು ಇನ್ನೊಮ್ಮೆ ನೋಡಿದಳು. "ಅಷ್ಟೇನೂ ಕೆಟ್ಟದಾಗಿಲ್ಲ," ಎಂದಳು.

ಯಾನಿಕನ ಮುಖ ಬಾಡಿತು. ಆಸ್ಗರನದು ಅರಳಿತು. ಅವನು ಹುಡುಗನನ್ನು ಪಕ್ಕಕ್ಕೆಳೆದು ಪಿಸುಗುಟ್ಟಿದ. "ಹೆದರಬೇಡಪ್ಪ! ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮೂವತ್ತಾರು ವರ್ಷದ ಹಿಂದೆ ಮದುವೆ ಆಗ್ತೀಯಾ ಅಂತ ಕೇಳಿದಾಗ, ನನ್ನನ್ನ ಮೇಲಿಂದ ಕೆಳಗೆ ನೋಡಿ ಇದನ್ನೇ ಅಂದಿದ್ಲು." ಸೋಮವಾರ ಬಂದು ಸಹಿ ಮಾಡುವುದೆಂದು ಮಾತಾಯಿತು.

ಶನಿವಾರ ಬೆಳಗ್ಗೆ ಮೇಷ್ಟರ ಬುದ್ಧಿ ಸುಮ್ಮನಿರದೆ ಆಸ್ಗರ್ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿದ. ಅವಳು ಹೋಗುವ ಎಪ್ಪತ್ತನಾಲ್ಕು ಮನೆಗಳಿಗೂ ದೂರ ಹಾಕಿ ಕೂಡಿದ. ಇಪ್ಪತ್ಮೂರು ಸಾವಿರ ಕಿಲೋಮೀಟರ್ ಬಂತು. ಕೆಳಗಿನಿಂದ ಮೇಲಕ್ಕೆ ಕೂಡಿದ. ಆಗಲೂ ಅಷ್ಟೇ.

"ಬೋದಿಲ್, ದೂರದ ಹತ್ತೊಂಬತ್ತು ಮನೆ ಬಿಟ್ರೆ ಸರಿಹೋಗುತ್ತೆ."

ಅವಳು ಕಿಟಕಿಯ ಬೆಳಕಿಗೆ ಉಗುರು ಕತ್ತರಿಯ ಬಾಯಿ ಹಿಡಿದು ನೋಡುತ್ತಿದ್ದಳು. "ಹೊಡೆದುಹಾಕು."

"ನಿಜವಾಗ್ಲೂ?"

"ಹೊಡೆದುಹಾಕು. ಫೋನು ಮಾತ್ರ ನೀನೇ ಮಾಡಿ ಹೇಳು."

ಹೆಸರಿನ ಮೇಲೆ ಗೆರೆ ಎಳೆಯುವುದು ಕಷ್ಟವಾಗಲಿಲ್ಲ. ನಲವತ್ತು ವರ್ಷ ಕೆಂಪು ಪೆನ್ನು ಹಿಡಿದ ಕೈ. ಎಲ್ಲಕ್ಕಿಂತ ದೂರದ ಮನೆ, ಸಮುದ್ರ ನೆಲದೊಳಕ್ಕೆ ಚಾಚಿದ ಫಿಯೋರ್ಡಿನ ಅಂಚಿನಲ್ಲಿ, ಜಲ್ಲಿ ದಾರಿಯ ಕೊನೆಯಲ್ಲಿತ್ತು. ಮೇತಾಳದು. ಕಷ್ಟದ್ದನ್ನು ಮೊದಲು ಮುಗಿಸಬೇಕೆಂದು ಮಕ್ಕಳಿಗೆ ತಾನೇ ಹೇಳಿಕೊಟ್ಟಿದ್ದ. ಫೋನು ತೆಗೆದ.

"ಆಸ್ಗರ್? ಒಳ್ಳೇದಾಯ್ತು," ಎಂದಳು ಮೇತಾ, ಅವನು ಬಾಯಿ ತೆರೆಯುವ ಮೊದಲೇ. "ಬೋದಿಲ್ ಬರೋ ದಿನ ಕ್ಯಾಲೆಂಡರಲ್ಲಿ ಗುರುತು ಹಾಕಿದೀನಿ. ಆರು ವಾರಕ್ಕೇ ತಾನೆ? ತೋರ್ಕಿಲ್ ಹೋದ್ಮೇಲೆ ನನ್ನ ಬೈಯೋಕೆ ಅಂತ ಉಳಿದಿರೋಳು ಅವಳೊಬ್ಳೇ."

ಆಸ್ಗರ್ ಕಿಟಕಿಯತ್ತ ನೋಡಿದ. ಬೋದಿಲ್ ತಿರುಗಲಿಲ್ಲ. ಕತ್ತರಿ ಮಾತ್ರ ಕಚಕ್ಕೆಂದಿತು.

"ಹೌದು ಮೇತಾ, ಆರು ವಾರಕ್ಕೇ. ತಪ್ಪದೆ ಬರ್ತಾಳೆ," ಎಂದ. ಬೆಳ್ಳಿ ಬಣ್ಣದ ಕಾರು ಸದ್ದಿಲ್ಲದೆ ಹೊರಟುಹೋಗುವುದು ಅವನ ಕಣ್ಣಿಗೆ ಕಂಡಿತು. ಅಷ್ಟೇನೂ ದುಃಖವಾಗಲಿಲ್ಲ ಎಂಬುದು ಅವನಿಗೇ ಆಶ್ಚರ್ಯ.

"ಸರಿ. ಹಾಗಾದ್ರೆ ತೋರ್ಕಿಲ್ ಕಾರು ಯಾವಾಗ ಒಯ್ತೀರಿ? ಕೊಟ್ಟಿಗೇಲಿ ಕೋಳಿ ಹತ್ತೋಕೆ ಶುರುಮಾಡಿವೆ."

"ಯಾವ... ಏನು ಕಾರು?"

"ಬೋದಿಲ್ ಹೇಳ್ಲಿಲ್ವಾ? ಮಂಗಳವಾರ ನನ್ನ ಕಾಲು ಮುಗಿಸಿ, ಹೋಗಿ ಅದರ ಕೆಳಗೆ ಮಲಗಿ ನೋಡಿದ್ಲು. ಅಷ್ಟೇನೂ ಕೆಟ್ಟದಾಗಿಲ್ಲ ಅಂದ್ಲು. ನಾನು ಏಳು ಸಾವಿರ ಕ್ರೋನರ್ ಅಂದೆ, ವರ್ಷಕ್ಕೊಂದ್ಸಲ ಸೇಬಿನ ಕೊಂಬೆ ಸಾಗಿಸಿಕೊಡ್ಬೇಕು ಅಂದೆ. ಹಾಗೂ ಅನ್ನಬಹುದು ಅಂದ್ಲು. ಯಾಕಪ್ಪಾ, ಮನಸ್ಸು ಬದಲಾಯ್ತಾ?"

"ಇಲ್ಲ ಇಲ್ಲ," ಎಂದ ಆಸ್ಗರ್. ಯಾನಿಕನಿಗೂ ಅವನೇ ಫೋನು ಮಾಡಿದ. ಹುಡುಗ, "ಆದ್ರೆ ಅವರು ಹೊಗಳಿದ್ರಲ್ಲ!" ಎಂದ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಐಗಿಲ್ ಅವರಿಬ್ಬರನ್ನು ಮೇತಾಳ ಮನೆಗೆ ಬಿಟ್ಟು, ಕೋಳಿ ಪುಕ್ಕ ಕೊಡವಲು ಕೈಯನ್ನೂ ಜೋಡಿಸಿದ. ಹದಿನೆಂಟು ವರ್ಷದ ಹಸಿರು ಕಾರು. ಒಂದು ಬಾಗಿಲು ಒಳಗಿನಿಂದಷ್ಟೇ ತೆರೆಯುತ್ತಿತ್ತು. ಸೀಟಿನಲ್ಲಿ ತೋರ್ಕಿಲನ ಬೆನ್ನಿನ ಗುಳಿ ಹಾಗೇ ಉಳಿದಿತ್ತು. ಆಸ್ಗರ್ ಕೂತರೆ ಸರಿಯಾಗಿ ಹಿಡಿಸಿತು. ಹಿಂದೆ ಕೊಕ್ಕೆ ಇತ್ತು. ತೋರ್ಕಿಲ್ ಅದಕ್ಕೆ ಗ್ರೀಸು ಹಚ್ಚಿ, ತುಕ್ಕು ಹಿಡಿಯದಿರಲೆಂದು ತಲೆಗೆ ಟೆನಿಸ್ ಚೆಂಡು ತೊಡಿಸಿದ್ದ. ಐಗಿಲ್ ಬಗ್ಗಿ ಆ ಚೆಂಡಿಗೆ ಟೋಪಿ ಎತ್ತಿ ವಂದಿಸಿದ.

ಫಿಯೋರ್ಡಿನ ದಂಡೆಯ ಮೇಲೆ ಬಿಸಿಲು ಬಿದ್ದಿತ್ತು. ಬೋದಿಲ್ ಓಡಿಸುತ್ತಿದ್ದಳು. ಮಡಿಲಲ್ಲಿ ಮೇತಾ ಕೊಟ್ಟ ಮೊಟ್ಟೆಯ ಬುಟ್ಟಿ ಇಟ್ಟುಕೊಂಡು ಆಸ್ಗರ್ ಅರ್ಧ ದಾರಿ ಹಾಡುತ್ತಾ ಬಂದ. ಆಮೇಲೆ ಹಾಡು ನಿಲ್ಲಿಸಿದ.

"ಮಂಗಳವಾರ ಈ ಕಾರು ನೋಡಿ, ಅಷ್ಟೇನೂ ಕೆಟ್ಟದಾಗಿಲ್ಲ ಅಂದ್ಯಂತೆ."

"ಅಂದೆ."

"ಗುರುವಾರ ಶೋರೂಮಲ್ಲೂ ಅದನ್ನೇ ಅಂದೆ. ನಾನೇ ಕೇಳಿಸ್ಕೊಂಡಿದೀನಿ. ಆ ಹುಡುಗನೂ ಕೇಳಿಸ್ಕೊಂಡಿದಾನೆ. ಹಾಗಾದ್ರೆ ಅಲ್ಲಿ ಯಾವುದಕ್ಕೆ ಅಂದೆ?"

ಬೋದಿಲ್ ಗೇರು ಬದಲಿಸಿದಳು.

"ಕಾಫಿಗೆ."