ಬೆರಳು ಮೂಸಿ ಪಾಸ್ ಮಾಡಿದ್ದು

ಕಳೆದ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಹೆಂಡತಿಯ ನತ್ತಿನ ಕೊಂಡಿ ಮುರಿಯಿತು. ಹತ್ತೂವರೆಗೆ ನಾನು ಬೈಲಹೊಂಗಲದ ಪೇಟೆಯಲ್ಲಿ ಕಾಳಪ್ಪನ ಅಂಗಡಿಯ ಮುಂದಿದ್ದೆ. (ಮುರಿದದ್ದನ್ನು ಮರುದಿನಕ್ಕೆ ಇಡುವುದು ನನ್ನ ಅಭ್ಯಾಸವಲ್ಲ.)

ಕಾಳಪ್ಪ ಪತ್ತಾರಿಕೆಯವನು. ಬಂಗಾರ, ಬೆಳ್ಳಿಯ ಕೆಲಸ. ಕುಳಿತಲ್ಲೇ ಎಣ್ಣೆಯ ದೀಪ ಹಚ್ಚಿದ. ಕೊಂಡಿಯನ್ನು ಇದ್ದಿಲಿನ ತುಂಡಿನ ಮೇಲಿಟ್ಟ. ಹಿತ್ತಾಳೆಯ ಊದುಗೊಳವೆಯನ್ನು ಬಾಯಿಗಿಟ್ಟು ಊದಿದ. ದೀಪದ ಉರಿ ಸೂಜಿಯಷ್ಟು ತೆಳ್ಳಗಾಗಿ ಕೊಂಡಿಯ ಕಡೆಗೆ ಬಾಗಿತು. ಒಂದು, ಎರಡು ಎಣಿಸುವಷ್ಟು ಹೊತ್ತು. ಆಮೇಲೆ ನೆಟ್ಟಗೆ ನಿಂತುಬಿಟ್ಟಿತು.

ಮತ್ತೆ ಊದಿದ. ಮತ್ತೆ ನಿಂತಿತು. ಮೂರನೆಯ ಸಲಕ್ಕೆ ಕೊಳವೆ ಬಾಯಿಂದ ಜಾರಿ ತೊಡೆಯ ಮೇಲೆ ಬಿತ್ತು. ಅವನು ಗೋಡೆಗೆ ಒರಗಿದ. ಕೊರಳಿನ ನರಗಳೆಲ್ಲ ಬಿಗಿದಿದ್ದವು. ಬಾಯಿ ತೆರೆದಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ.

“ಸರ, ನಾಳೆ ಬರ್ರಿ,” ಅಂದ.

ನಮ್ಮ ಮನೆಯ ಮೂವರು ಹೆಣ್ಣುಮಕ್ಕಳ ತಾಳಿ ಮಾಡಿಕೊಟ್ಟ ಮನುಷ್ಯ ಇವನು. ಒಂದು ಕೊಂಡಿಗೆ ‘ನಾಳೆ’ ಅಂದದ್ದು ಇದೇ ಮೊದಲು.

ಈ ಅಂಕಣವನ್ನು ಓದುತ್ತ ಬಂದವರಿಗೆ ಕಾಳಪ್ಪ ಹೊಸಬನಲ್ಲ. ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ, ಹೆಸರು ಹೇಳದೆ, ಅವನನ್ನು ಹೊಗಳಿ ಬರೆದಿದ್ದೆ. ‘ಬೀಡಿ ಬಿಟ್ಟ ನನ್ನ ಶಿಷ್ಯ’ ಅಂತ ತಲೆಬರಹ. ನೀವು ಓದಿದಿರಿ. ಕೆಲವರು ಫೋನ್ ಮಾಡಿ ಮೆಚ್ಚಿದಿರಿ. ಇಂದು ಬರೆಯುತ್ತಿರುವುದು ಅದರ ತಿದ್ದುಪಡಿ. ದಯವಿಟ್ಟು ಅಷ್ಟೇ ಗಮನ ಕೊಟ್ಟು ಓದಿ.

ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಪ್ರಾರ್ಥನೆಯ ಸಾಲಿನಲ್ಲಿ ಹುಡುಗರ ಬೆರಳು ಮೂಸಿ ನೋಡುವುದು ನನ್ನ ಪದ್ಧತಿ. ಬಲಗೈಯ ತೋರುಬೆರಳು, ನಡುಬೆರಳು. ತಂಬಾಕಿನ ವಾಸನೆ ಬಂದರೆ ಸಾಲಿನಿಂದ ಹೊರಗೆ. ಬರದಿದ್ದರೆ ಪಾಸ್. ನಿವೃತ್ತಿಯಾಗುವವರೆಗೂ ಇದನ್ನೇ ಮಾಡಿದೆ.

ನನ್ನ ಮೂಗಿಗೆ ಮೋಸ ಮಾಡಿದವನು ಒಬ್ಬನೇ. ಒಂಬತ್ತನೆಯ ಇಯತ್ತೆಯ ಕಾಳಪ್ಪ. ಅಪ್ಪನ ಪೆಟ್ಟಿಗೆಯಿಂದ ಬಂಗಾರದ ಕೆಲಸದ ಚಿಮಟ ಕದ್ದು ತಂದು, ಬೀಡಿಯನ್ನು ಅದರಲ್ಲಿ ಹಿಡಿದು ಸೇದುತ್ತಿದ್ದ. ಬೆರಳು ಸ್ವಚ್ಛ! ಒಂದು ದಿನ ಚಡ್ಡಿಯ ಜೇಬಿನಿಂದ ಚಿಮಟ ಬಿದ್ದಾಗ ಸಿಕ್ಕಿಬಿದ್ದ. ನಾನು ಎರಡು ಏಟು ಕೊಟ್ಟೆ. ಅವನ ಅಪ್ಪ ಕೊಟ್ಟ ಏಟಿಗೆ ಲೆಕ್ಕವಿಲ್ಲ. ಬೀಡಿ ಸೇದಿದ್ದಕ್ಕಲ್ಲ, ಸಿರಸಂಗಿ ಕಾಳಮ್ಮನ ಮುಂದೆ ಇಟ್ಟು ಪೂಜೆ ಮಾಡಿದ ಹತಾರವನ್ನು ಎಂಜಲು ಮಾಡಿದ್ದಕ್ಕೆ. ಆ ಮನೆಯಲ್ಲಿ ಹತಾರವೂ ಅಗ್ಗಿಷ್ಟಿಕೆಯೂ ದೇವರು. ಅಗ್ಗಿಷ್ಟಿಕೆಯ ಬೆಂಕಿಯಿಂದ ಬೀಡಿ ಹಚ್ಚುವಂತಿಲ್ಲ, ಅದರ ಮುಂದೆ ಸೇದುವಂತಿಲ್ಲ. ಇದೊಂದನ್ನು ನೆನಪಿಡಿ.

ಬೀಡಿ ಮಾತ್ರ ಬಿಡಲಿಲ್ಲ. ಅಪ್ಪನ ಗದ್ದಿಗೆ ಏರಿದ ಮೇಲೂ ಸೇದುತ್ತಿದ್ದ. ಆದರೆ ನಿಯಮದಂತೆ. ಕೈಯ ಕೆಲಸ ಕೆಳಗಿಡಬೇಕು, ಕೈ ತೊಳೆಯಬೇಕು, ಚಪ್ಪಲಿ ಮೆಟ್ಟಿ ಬೀದಿಯ ಕಟ್ಟೆಗೆ ಹೋಗಬೇಕು, ಸೇದಿ ಬಾಯಿ ಮುಕ್ಕಳಿಸಿ ಮತ್ತೆ ಒಳಗೆ ಬರಬೇಕು. ಗಿರಾಕಿ ಕಾಯುತ್ತಿದ್ದರೆ ಹೋಗುವಂತಿಲ್ಲ. ಬೆಸುಗೆ ಅರ್ಧವಾಗಿದ್ದರೆ ಹೋಗುವಂತಿಲ್ಲ.

ಎರಡೂವರೆ ವರ್ಷದ ಹಿಂದೆ ಕೆಮ್ಮು ಹೆಚ್ಚಾಯಿತು. ಊರಿನ ಡಾಕ್ಟರು ಬೀಡಿ ಬಿಡು ಅಂದರು. ಕಾಳಪ್ಪ ನನ್ನ ಗೇಟಿಗೆ ಬಂದ.

“ಸರ, ನನ್ನ ಕಡೆಯಿಂದ ಆಗೂದಿಲ್ರಿ. ನೀವ ಮತ್ತ ಬೆರಳು ಮೂಸಾಕ ಚಾಲೂ ಮಾಡ್ರಿ. ನಿಮ್ಮ ಅಂಜಿಕಿಗೆ ಆದ್ರೂ ಬಿಡತೇನಿ.”

“ಚಿಮಟ ಎಲ್ಲೈತಿ?” ಅಂತ ಕೇಳಿದೆ.

“ಅಯ್ಯ, ಈ ವಯಸ್ಸಿನ್ಯಾಗ ಚಡ್ಡಿ ಎಲ್ಲಿಂದ ತರ್ಲಿರಿ,” ಅಂದು ನಕ್ಕ.

ಅಂದಿನಿಂದ ದಿನಾ ಬೆಳಿಗ್ಗೆ ಆರೂ ಕಾಲಿಗೆ, ನಾನು ನಡಿಗೆ ಮುಗಿಸಿ ಗೇಟಿಗೆ ಬರುವ ಹೊತ್ತಿಗೆ, ಕಾಳಪ್ಪ ಬಲಗೈ ಚಾಚಿ ನಿಂತಿರುತ್ತಿದ್ದ. ಅರವತ್ತು ದಾಟಿದವನ ಬೆರಳನ್ನು ಎಪ್ಪತ್ತು ದಾಟಿದವನು ಮೂಸುವುದು ಬೀದಿಗೆಲ್ಲ ತಮಾಷೆ. ಇರಲಿ. ಎರಡು ತಿಂಗಳು ಬೀಡಿ ಮುಟ್ಟಲಿಲ್ಲ. ಕೈ ನಡುಗುತ್ತಿತ್ತು, ಹೆಂಡತಿಯ ಮೇಲೆ ರೇಗುತ್ತಿದ್ದ, ನಿದ್ದೆ ಇರಲಿಲ್ಲ. ಆದರೂ ಮುಟ್ಟಲಿಲ್ಲ.

ಮೂರನೆಯ ತಿಂಗಳು ಒಂದು ಬೆಳಿಗ್ಗೆ ಅವನ ಬೆರಳಿನಿಂದ ಮಾವಿನಹಣ್ಣಿನ ವಾಸನೆ ಬಂತು. ಮಾವಿನ ಕಾಲವಲ್ಲ.

“ಏನಿದು?”

ಜೇಬಿನಿಂದ ಒಂದು ವಸ್ತು ತೆಗೆದ. ಬೆರಳುದ್ದ, ನೀಲಿ ಬಣ್ಣ, ತುದಿಯಲ್ಲಿ ಸಣ್ಣ ದೀಪ. ಬೆಳಗಾವಿಯಲ್ಲಿ ಮೊಬೈಲ್ ರಿಪೇರಿಗೆ ಹೋದಾಗ ಅಂಗಡಿಯವನೊಬ್ಬ ಕೊಟ್ಟನಂತೆ. ವೇಪ್. ಅಂದರೆ ಇ-ಸಿಗರೇಟು.

“ಇದು ಹೊಗಿ ಅಲ್ರಿ ಸರ. ಬರೇ ಉಗಿ. ನೆಗಡಿ ಬಂದಾಗ ತಗೋತೀವಲ್ರಿ, ಹಂಗ. ಬೆಂಕಿ ಇಲ್ಲ, ಬೂದಿ ಇಲ್ಲ. ಬೀಡಿ ನೆನಪ ಆಗೂದಿಲ್ಲ. ನಡೀತೈತೇನ್ರಿ?”

ಪ್ರಶ್ನೆ ಅವನದು. ಉತ್ತರ ನನ್ನದು. ನಾನೇನು ಮಾಡಿದೆ? ಮೂಸಿದೆ. ತಂಬಾಕಿನ ವಾಸನೆ ಇಲ್ಲ. ಸುಟ್ಟ ವಾಸನೆ ಇಲ್ಲ. ನನಗೆ ಗೊತ್ತಿದ್ದ ಪರೀಕ್ಷೆ ಅದೊಂದೇ, ಅದರಲ್ಲಿ ಅದು ಪಾಸಾಯಿತು.

“ಬೆಂಕಿ ಇಲ್ಲಂದ್ರ ಅಡ್ಡಿ ಇಲ್ಲ,” ಅಂದೆ.

ನಾಲ್ಕು ಪದ. ಅಷ್ಟಕ್ಕೇ ನಿಲ್ಲಲಿಲ್ಲ. ಮುಂದಿನ ವಾರ ಈ ಅಂಕಣದಲ್ಲಿ ಬರೆದೆ: ‘ಹೊಗೆಯ ಬದಲು ಉಗಿ, ಚಟದವರಿಗೆ ಇದೊಂದು ಸುರಕ್ಷಿತ ದಾರಿ.’ ಯಾವ ಡಾಕ್ಟರನ್ನೂ ಕೇಳದೆ ಬರೆದೆ. ಅದರೊಳಗಿನ ದ್ರವದಲ್ಲಿ ಏನಿದೆ ಎಂದು ನೋಡದೆ ಬರೆದೆ. ಇಂಥ ವಸ್ತುವನ್ನು ಮಾರುವುದು ನಮ್ಮ ದೇಶದಲ್ಲಿ ಅಪರಾಧ ಅನ್ನುವುದೂ ನನಗೆ ತಿಳಿದಿರಲಿಲ್ಲ. (ಶಿಸ್ತಿನ ಬಗ್ಗೆ ವಾರವಾರ ಉಪದೇಶ ಮಾಡುವವನ ಯೋಗ್ಯತೆ ಇಷ್ಟು.)

ಮತ್ತೆ ಸೋಮವಾರಕ್ಕೆ ಬರುತ್ತೇನೆ. ಕಾಳಪ್ಪ ಗೋಡೆಗೆ ಒರಗಿದ್ದ. ಒಳಮನೆಯಿಂದ ಅವನ ಹೆಂಡತಿ ಕಮಲವ್ವ ಬಿಸಿನೀರು ತಂದಳು. ನಾನು ಅವನ ಬೆರಳು ಹಿಡಿದೆ. ಬಿಡದ ಅಭ್ಯಾಸ.

“ಬೆರಳಾಗ ಏನ ಹುಡಕತೀರಿ ಸರ?” ಅಂದಳು ಕಮಲವ್ವ. “ಬೀಡಿ ಸೇದತಿದ್ದಾಗ ದಿನಾ ಏಳೆಂಟು ಸಲ ಇಳದು ಬೀದಿ ಕಟ್ಟಿಗಿ ಹೋಗತಿದ್ರು. ಅಷ್ಟರ ಮ್ಯಾಲ ಹೋಗಾಕ ಆಗತಿದ್ದಿಲ್ಲ, ಕೆಲಸ ಬಿಡತಿದ್ದಿಲ್ಲ. ಈಗ ಇಳಿಯೂದ ಇಲ್ಲ. ಇಲ್ಲೇ, ಅಗ್ಗಿಷ್ಟಿಗಿ ಮುಂದ ಕುಂತು, ಮುಂಜಾನಿಂದ ಸಂಜಿತನಕ ಆ ನೀಲಿ ಕೊಳವಿ ಜಗ್ಗತಾರ.”

“ಅಗ್ಗಿಷ್ಟಿಗಿ ಮುಂದ?”

ಕಾಳಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದ. ಒಂದೊಂದು ಮಾತಿಗೂ ಒಂದೊಂದು ಉಸಿರು. “ಬೆಂಕಿ ಇಲ್ಲಲ್ರಿ ಸರ. ಬೆಂಕಿ ಇಲ್ಲಂದ್ರ... ಕಾಳಮ್ಮಗ ಅಪಚಾರ ಇಲ್ಲ. ನೀವ ಹೇಳಿದ್ರಲ್ಲ... ಅಡ್ಡಿ ಇಲ್ಲಂತ.”

ನನಗೆ ಆಗ ತಿಳಿಯಿತು. ಬೀಡಿಯ ವಿಷಕ್ಕೆ ಅವನ ಮನೆಯಲ್ಲಿ ಒಂದು ಬೇಲಿ ಇತ್ತು. ಅವನ ಅಜ್ಜನೋ ಮುತ್ತಜ್ಜನೋ ಹಾಕಿದ ಬೇಲಿ. ಕೈ ತೊಳೆ, ಚಪ್ಪಲಿ ಮೆಟ್ಟು, ಕಟ್ಟೆಗೆ ಹೋಗು. ಅಷ್ಟೂ ವರ್ಷ ಅವನ ಚಟವನ್ನು ದಿನಕ್ಕೆ ಏಳೆಂಟಕ್ಕೆ ನಿಲ್ಲಿಸಿದ್ದು ಅದೇ. ಅದನ್ನು ಕಿತ್ತು ಹಾಕಿದವನು ನಾನು. ಒಂದು ಕೊಳವೆಗೆ ಊದುವುದು, ಪಕ್ಕದ ಇನ್ನೊಂದು ಕೊಳವೆಯಿಂದ ಎಳೆಯುವುದು, ದಿನವಿಡೀ ಅವನಿಗೆ ಅದೇ ಕೆಲಸವಾಗಿತ್ತು.

“ಖಾಲಿ ಆದಾಗ?” ಅಂತ ಕಮಲವ್ವನನ್ನು ಕೇಳಿದೆ.

“ಬೆಳಗಾವಿಂದ ಬರೂತನಕ ಬೀಡಿ. ಹಿತ್ತಲದಾಗ. ಆಮ್ಯಾಲ ನಿಂಬಿಹಣ್ಣು ಹಚ್ಚಿ ಬೆರಳು ತಿಕ್ಕತಾರ್ರಿ. ನಿಮ್ಮ ಪರೀಕ್ಷಾ ಇರತೈತಲ್ಲ.”

ಮಂಗಳವಾರ ಬೆಳಗಿನ ಮೊದಲ ಬಸ್ಸಿಗೆ ಅವನನ್ನು ಬೆಳಗಾವಿಗೆ ಕರೆದೊಯ್ದೆ. ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆಗೆ ನಡೆಯುವ ದಾರಿಯಲ್ಲಿ ನಾಲ್ಕು ಸಲ ನಿಂತ. ನಿಂತಾಗಲೆಲ್ಲ ಅಂಗಡಿಗಳ ಬೋರ್ಡು ಓದುವವನಂತೆ ನಟಿಸಿದ. ನಾನೂ ಓದಿದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಕ್ಸ್‌ರೇ ನೋಡಿದರು, ಒಂದು ಮಷಿನ್ನಿಗೆ ಊದಿಸಿದರು, ಇನ್ನೊಮ್ಮೆ ಊದಿಸಿದರು. ಶ್ವಾಸಕೋಶದೊಳಗಿನ ಗಾಳಿಯ ಚೀಲಗಳು ಹಾಳಾಗಿವೆ ಅಂದರು. ಹಾಳಾದವು ಮರಳಿ ಬರುವುದಿಲ್ಲ. ಉಳಿದವನ್ನು ಉಳಿಸಿಕೊಳ್ಳಬೇಕು, ಅಷ್ಟೇ. ಮತ್ತೆ ಊದುಗೊಳವೆ ಹಿಡಿಯುತ್ತಾನೆಯೇ ಎಂದು ಕೇಳಿದೆ. ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಕಾಳಪ್ಪ ಅದನ್ನು ನೋಡಿದ.

ಆಮೇಲೆ ನಿಮ್ಮೆಲ್ಲರ ಪರವಾಗಿ ಆ ಪ್ರಶ್ನೆ ಕೇಳಿದೆ. ಬೀಡಿ, ಸಿಗರೇಟಿಗಿಂತ ವೇಪ್ ಸುರಕ್ಷಿತ ಅನ್ನುತ್ತಾರಲ್ಲ?

“ತಂಬಾಕು ಸುಟ್ಟಾಗ ಬರೂ ಕೆಲವು ವಿಷ ಇದರಾಗ ಕಡಿಮಿ ಇರಬಹುದು ಕಾಕಾ,” ಅಂದರು. “ಕಡಿಮಿ ಅಂದ್ರ ಇಲ್ಲ ಅಂತಲ್ಲ. ಚಟ ಹಚ್ಚೂ ನಿಕೋಟಿನ್ ಇದ್ದೇ ಇರತದ, ಕೆಲವದರಾಗ ಬೀಡಿಗಿಂತ ಜಾಸ್ತಿನ ಇರತದ. ಆ ಬಣ್ಣದ ವಾಸನಿ ನೀರು ವರ್ಷಗಟ್ಟಲೆ ಎದಿಯೊಳಗ ಹೋದ್ರ ಏನೇನ ಆಗತದ ಅನ್ನೂದು ನಮಗೂ ಇನ್ನೂ ಪೂರಾ ಗೊತ್ತಿಲ್ಲ. ಸುರಕ್ಷಿತ ಅಂತ ಯಾರ ಕಡೆನೂ ನಾ ಹೇಳಂಗಿಲ್ಲ.”

ಕಾಳಪ್ಪನ ಕಡೆ ತಿರುಗಿದರು. “ಬೀಡಿ ದಿನಕ್ಕ ಎಷ್ಟು ಸೇದತಿದ್ರಿ?”

“ಏಳು. ಭಾಳಾದ್ರ ಎಂಟ್ರಿ.”

“ಇದನ್ನ ಎಷ್ಟು ಸಲ?”

ಕಾಳಪ್ಪ ಲೆಕ್ಕ ಹಾಕಿದ. ತೂಕದಲ್ಲಿ ಒಂದು ಗುಂಜಿ ಹೆಚ್ಚು ಕಡಿಮೆಯಾದರೆ ಕಣ್ಣಳತೆಯಲ್ಲೇ ಹೇಳುವ ಮನುಷ್ಯ. ಬಹಳ ಹೊತ್ತು ಲೆಕ್ಕ ಹಾಕಿ, ಗೊತ್ತಿಲ್ಲ ಅಂದ.

“ಬೀಡಿ ಬಿಡಸಾಕ ಔಷಧ ಇದ್ದವು, ತಿಳಿಸಿ ಹೇಳೋರು ಇದ್ರು. ಯಾರನ್ನ ಕೇಳಿ ಇದನ್ನ ಚಾಲೂ ಮಾಡಿದ್ರಿ?”

“ನಮ್ಮ ಸರ ಪಾಸ್ ಮಾಡಿದ್ರಿ.”

ಡಾಕ್ಟರು ನನ್ನನ್ನು ನೋಡಿದರು. “ನೀವು ಡಾಕ್ಟರ್ ಏನ್ರಿ?”

“ಡ್ರಿಲ್ ಮಾಸ್ತರ,” ಅಂದೆ.

ಅವರು ತಲೆ ತಗ್ಗಿಸಿ ಔಷಧದ ಚೀಟಿ ಬರೆಯತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು.

ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಕಾಳಪ್ಪನ ಎದೆ ಕೆಡಲು ಬೀಡಿ ಎಷ್ಟು ಕಾರಣ, ಅಗ್ಗಿಷ್ಟಿಕೆಯ ಹೊಗೆ ಎಷ್ಟು, ಈ ನೀಲಿ ಕೊಳವೆ ಎಷ್ಟು ಎಂದು ಪಾಲು ಮಾಡಿ ಹೇಳಲು ಡಾಕ್ಟರಿಗೂ ಆಗಲಿಲ್ಲ. ಬೀಡಿ ಮೊದಲೇ ಬಹಳ ತಿಂದಿತ್ತು. ಆದರೆ ಎರಡು ತಿಂಗಳು ಕೈ ನಡುಗುತ್ತ ನಿದ್ದೆಗೆಟ್ಟು ಅವನು ಗೆದ್ದಿದ್ದನಲ್ಲ? ಆ ಗೆಲುವನ್ನು ಮಾವಿನ ವಾಸನೆಗೆ ಬಿಟ್ಟುಕೊಡಿಸಿದವನು ನಾನು. ಬಿಡುವುದರ ಹತ್ತಿರ ಬಂದವನಿಗೆ ‘ಇದು ಪರವಾಗಿಲ್ಲ’ ಎಂದು ಹೇಳುವುದಕ್ಕಿಂತ ದೊಡ್ಡ ಅನ್ಯಾಯ ಇದೆಯೇ?

ಗುರುವಾರ ನನ್ನ ವಹಿ ತೆಗೆದೆ. ಓದುಗರು ಫೋನ್ ಮಾಡಿದರೆ ಹೆಸರು, ಊರು, ನಂಬರು ಬರೆದಿಡುವುದು ನನ್ನ ಪದ್ಧತಿ. ಎರಡು ವರ್ಷದ ಹಿಂದಿನ ಆ ಅಂಕಣ ಓದಿ ರಾಮದುರ್ಗದ ಕಿರಾಣಿ ಅಂಗಡಿಯವರೊಬ್ಬರು ಫೋನ್ ಮಾಡಿದ್ದರು. ನನ್ನ ತಮ್ಮ ಸಿಗರೇಟು ಬಿಡುತ್ತಿಲ್ಲ, ಅವನಿಗೆ ನೀವು ಬರೆದ ವಸ್ತುವನ್ನು ತರಿಸಿಕೊಡುತ್ತೇನೆ ಅಂದಿದ್ದರು. ಅವರಿಗೆ ಫೋನ್ ಹಚ್ಚಿದೆ.

“ಏ ಸರ, ನಮಸ್ಕಾರ್ರಿ. ನೀವ ಬರದಿದ್ದನ್ನ ಕತ್ತರಿಸಿ ಗ್ವಾಡಿಗೆ ಹಚ್ಚೇನ್ರಿ. ಬಂದ ಗಿರಾಕಿಗೆಲ್ಲ ತೋರಸತೇನಿ.”

“ತಮ್ಮ ಹೆಂಗದಾನ?”

“ಅವಾ? ಈಗ ಎರಡೂ ಚಾಲೂ ಅದಾವ್ರಿ. ಮನಿಯೊಳಗ ಅದು, ಹೊರಗ ಸಿಗರೇಟ್. ಮೊದಲ ಹೊರಗ ಒಂದ ಇತ್ತು, ನೋಡ್ರಿ.”

ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಕಾಳಪ್ಪನ ಸುದ್ದಿ, ಡಾಕ್ಟರ ಮಾತು, ಕಾನೂನು. ತಮ್ಮನನ್ನು ಡಾಕ್ಟರ ಹತ್ತಿರ ಕಳಿಸಿರಿ ಅಂದೆ. ಆ ಕಡೆ ಅಂಗಡಿಯಲ್ಲಿ ಯಾರೋ ಸಕ್ಕರೆ ಕೇಳುತ್ತಿದ್ದರು.

“ನೀವ ಬರದಿದ್ರಲ್ರಿ ಸರ,” ಅಂದರು ಕೊನೆಗೆ. ಸಿಟ್ಟಿಲ್ಲ. ಬರೀ ಆಶ್ಚರ್ಯ.

ಕಿತ್ತೂರು, ಸವದತ್ತಿ, ಮುರಗೋಡದ ಕಡೆಯಿಂದಲೂ ಆಗ ಫೋನ್ ಬಂದಿದ್ದವು. ಅವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡುತ್ತಿದ್ದೇನೆ. ಆದರೆ ಓದಿ, ನಂಬಿ, ಫೋನ್ ಮಾಡದೆ ಇದ್ದವರು ಎಷ್ಟು ಜನ? ಅವರ ನಂಬರು ನನ್ನ ವಹಿಯಲ್ಲಿಲ್ಲ.

ನಿನ್ನೆ ಬೆಳಿಗ್ಗೆ ಆರೂ ಕಾಲು. ನಡಿಗೆ ಮುಗಿಸಿ ಬಂದೆ. ಗೇಟಿನ ಬಳಿ ಕಾಳಪ್ಪ. ಮೂರು ಓಣಿ ದಾಟಿ ಬರಲು ಎಷ್ಟು ಹೊತ್ತಿಗೆ ಮನೆ ಬಿಟ್ಟಿದ್ದನೋ. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಕೊಟ್ಟ. ಒಳಗೆ ನತ್ತು. ಕೊಂಡಿ ಬೆಸೆದಿತ್ತು.

“ಇದು ನನ್ನ ಕೆಲಸ ಅಲ್ರಿ ಸರ. ಬಾಜೂ ಅಂಗಡಿಯವರ ಕಡೆ ಗ್ಯಾಸ್ ಮ್ಯಾಲ ಮಾಡಸೇನಿ. ಮನಿಯಾಗ ಅಕ್ಕಾರಿಗೆ ಹೇಳ್ರಿ. ನಾ ಮಾಡೇನಿ ಅಂತ ತಿಳ್ಕೊಳ್ಳೂದು ಬ್ಯಾಡ.”

ಆ ನೀಲಿ ವಸ್ತುವನ್ನೂ ನನ್ನ ಕೈಯಲ್ಲಿಟ್ಟ. ಊದುಗೊಳವೆಯನ್ನು ಕಾಳಮ್ಮನ ಪಟದ ಕೆಳಗೆ ಇಟ್ಟುಬಿಟ್ಟೆ ಅಂದ. ಆಮೇಲೆ ಎಂದಿನಂತೆ ಬಲಗೈ ಚಾಚಿದ. ತೋರುಬೆರಳು, ನಡುಬೆರಳು.

ಮೂಸಲಿಲ್ಲ. ನನ್ನ ಅಂಗೈಯನ್ನು ಅವನ ಬಾಯಿಯ ಮುಂದೆ ಹಿಡಿದೆ. “ಊದು,” ಅಂದೆ.

ಊದಿದ. ಕೊರಳಿನ ನರಗಳು ಬಿಗಿದವು, ಭುಜ ಮೇಲೆದ್ದವು, ಕಣ್ಣಲ್ಲಿ ನೀರು ಬಂತು. ನನ್ನ ಅಂಗೈಗೆ ಏನೂ ತಾಗಲಿಲ್ಲ.

“ನಾಪಾಸ್ ಏನ್ರಿ ಸರ?” ಅಂತ ನಗಲು ಹೋಗಿ ಕೆಮ್ಮಿದ.

ಹೌದು, ನಾಪಾಸ್. ಆದರೆ ನಾಪಾಸಾದವನು ಅವನಲ್ಲ, ನಾನು ಎಂದು, ನನ್ನ ಬರಹ ಅಂಟಿಸಿದ ರಾಮದುರ್ಗದ ಆ ಗೋಡೆಯ ಮೇಲೆ ಯಾರು ಬರೆಯುತ್ತಾರೆ?