ಸಿರಿಯ ಹಾಲುಹಲ್ಲು ಮತ್ತು ಬೈಲಹೊಂಗಲದ ಬಸ್ಸು

ನೇಸರಗಿಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಒಂದು ಬೆಳಿಗ್ಗೆ ಪಕ್ಕದ ಮನೆಯ ಶಾಂತವ್ವ ಎಂದಿನಂತೆ ಬಾಗಿಲು ತಟ್ಟದೆ ಒಳಗೆ ಬಂದರು. ಹಾಸಿಗೆಯಿಂದ ಆಗಷ್ಟೇ ಎದ್ದು ಕೂತಿದ್ದ ನನ್ನ ನಾಲ್ಕು ವರ್ಷದ ಮಗಳನ್ನು ನೋಡಿದವರೇ ಕೂಗಿಕೊಂಡರು: “ಅಯ್ಯ ಯವ್ವಾ, ಕೂಸಿನ ಗಲ್ಲ ಎಷ್ಟ ಬಾತೈತಿ ನೋಡ್ರಿ!”

ಒಲೆ ಹಚ್ಚುತ್ತಿದ್ದವಳು ಓಡಿಬಂದು ಸಿರಿಯ ತುಟಿಯ ಕೆಳಗೆ ನೋಡಿದೆ. ಏನೂ ಇರಲಿಲ್ಲ. ನಮ್ಮ ಕೊಳ್ಳೇಗಾಲದ ಕಡೆ ಗಲ್ಲ ಇರುವುದು ಅಲ್ಲಿ. ಶಾಂತವ್ವ ಮಗುವಿನ ಮುಖವನ್ನು ಬೆಳಕಿಗೆ ತಿರುಗಿಸಿದಾಗಲೇ ತಿಳಿದದ್ದು, ಇಲ್ಲಿ ಗಲ್ಲವೆಂದರೆ ಕೆನ್ನೆ ಎಂದು. ಬಲಗೆನ್ನೆ ಬನ್ನಿನ ಹಾಗೆ ಉಬ್ಬಿತ್ತು. ಮುಟ್ಟಿದರೆ ಮೈ ಕೆಂಡ.

ಕನ್ನಡ ನಾಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದವಳು ನಾನು, ಬೇರೆ ಭಾಷೆಯ ಸೀಮೆಗೇನೂ ಅಲ್ಲ. ಆದರೂ ಕೃಷಿ ಇಲಾಖೆಯ ಕೆಲಸಕ್ಕೆ ಇಲ್ಲಿಗೆ ಬಂದ ಮೊದಲ ವಾರಗಳಲ್ಲಿ ಅರ್ಧ ಮಾತು ಕಿವಿಯಲ್ಲೇ ಉಳಿಯುತ್ತಿತ್ತು. ಅಲ್ಲಿ ಮುದ್ದೆ ನುಂಗುತ್ತಿದ್ದ ನಾವು ಇಲ್ಲಿ ಜೋಳದ ರೊಟ್ಟಿ ಅಗಿಯಲು ಕಲಿಯಬೇಕಿತ್ತು. ಯಜಮಾನರ ಕೆಲಸ ಮೈಸೂರಿನಲ್ಲಿ, ಬರುವುದು ತಿಂಗಳಿಗೊಮ್ಮೆ. ಊರಲ್ಲಿ ಮಗುವನ್ನು ಎತ್ತಿಕೊಳ್ಳಲು ನಾಲ್ಕು ಜೊತೆ ಕೈಗಳಿದ್ದವು. ಇಲ್ಲಿ ನನ್ನವೆರಡೇ. ಅಜ್ಜಿ ಬೇಕೆಂದು ಸಿರಿ ಅತ್ತಾಗಲೆಲ್ಲ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಿಗಿಟ್ಟು ಮಲಗಿಸುತ್ತಿದ್ದೆ. ಊರಲ್ಲೂ ಇದ್ದ ಅಭ್ಯಾಸವೇ, ಇಲ್ಲಿಗೆ ಬಂದ ಮೇಲೆ ಹೆಚ್ಚಾಯಿತು. ಅವಳ ದವಡೆ ಹಲ್ಲಿನಲ್ಲಿ ಕಪ್ಪು ಗುಳಿ ಕಂಡಿದ್ದೂ ನಿಜ. ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ ಎಂದು ಅಮ್ಮ ಹೇಳಿದ್ದರು. ನಾನೂ ನಂಬಿದ್ದೆ.

ಮಗುವನ್ನು ಹೊತ್ತು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಡೆದೆ. ಹಲ್ಲಿನ ವಿಷಯಕ್ಕೆ ಇಲ್ಲಿ ಯಾರು ಗಮನ ಕೊಡುತ್ತಾರೆ ಎಂಬ ಅನುಮಾನವಿತ್ತು. ಆದರೆ ಅಲ್ಲಿದ್ದ ನರ್ಸ್ ಸುಮಂಗಲಾ ಟಾರ್ಚ್ ಹಿಡಿದು, ಬೆರಳಿನಿಂದ ಸಿರಿಯ ತುಟಿ ಮೆಲ್ಲಗೆ ಎತ್ತಿ ನೋಡಿದವರೇ ಡಾಕ್ಟರನ್ನು ಕರೆದರು. ಡಾಕ್ಟರು ಜ್ವರಕ್ಕೆ ಔಷಧ ಕೊಟ್ಟು ದೊಡ್ಡಾಸ್ಪತ್ರೆಗೆ ಚೀಟಿ ಬರೆದರು.

“ಬಾವು ಕಣ್ಣಿನ ಕಡೆ ಏರಾಕಹತ್ತೈತ್ರಿ,” ಎಂದರು ಸುಮಂಗಲಾ. “ನಾಳೆ ಅನಬ್ಯಾಡ್ರಿ, ಈಗ ಬೈಲಹೊಂಗಲಕ್ಕ ಹೋಗ್ರಿ. ಅಲ್ಲಿ ತಾಲೂಕಾ ದವಾಖಾನ್ಯಾಗ ಹಲ್ಲಿನ ಡಾಕ್ಟರ್ ಅದಾರ.”

ಕಣ್ಣು ಎಂಬ ಮಾತು ಕೇಳಿದ್ದೇ ಸಿರಿಯನ್ನು ಎತ್ತಿಕೊಂಡೆ. ಹೊರಗೆ ಬಂದರೆ ಶಾಂತವ್ವ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. “ಒಬ್ಬಾಕಿನ ಹೆಂಗ ಹೋಗ್ತೀರಿ? ನಡೀರಿ, ನಾನೂ ಬರತೇನಿ.”

ಬಸ್ಸಿನಲ್ಲಿ ಸಿರಿ ನರಳುತ್ತಲೇ ಇದ್ದಳು. ಯಾರೋ ಎದ್ದು ಕಿಟಕಿಯ ಸೀಟು ಬಿಟ್ಟುಕೊಟ್ಟರು. ನಾನು ದಾರಿಯುದ್ದಕ್ಕೂ ಅವಳ ಕಣ್ಣನ್ನೇ ನೋಡುತ್ತಿದ್ದೆ, ಬಾವು ಏರಿ ಮುಚ್ಚಿಕೊಳ್ಳುತ್ತಿದೆಯೇ ಎಂದು.

ಹಲ್ಲಿನ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಿರಿ ಬಾಯಿ ಬಿಗಿದುಕೊಂಡಳು. ನಾನು ಗೋಗರೆದೆ, ಗದರಿದೆ. ಏನೂ ಆಗಲಿಲ್ಲ. ಡಾಕ್ಟರು ಅವಸರ ಮಾಡಲಿಲ್ಲ. ಪುಟ್ಟ ಕನ್ನಡಿಯನ್ನು ಮಗುವಿನ ಕೈಗೇ ಕೊಟ್ಟು, “ಮೊದಲ ನೀನ ಡಾಕ್ಟರ್ ಆಗು. ಈ ಆಯಿಗೆ ಎಷ್ಟ ಹಲ್ಲ ಅದಾವ, ಎಣಿಸು,” ಎಂದರು. ಆಯಿ ಎಂದರೆ ಅಜ್ಜಿ. ಶಾಂತವ್ವ ಕುರ್ಚಿಯಲ್ಲಿ ಕೂತು ದೊಡ್ಡದಾಗಿ ಬಾಯಿ ತೆರೆದರು. ಸಿರಿ ಇಣುಕಿ ನೋಡಿ, “ಮೂರೇ!” ಎಂದಳು. ಇಡೀ ಕೋಣೆ ನಕ್ಕಿತು. ಆಮೇಲೆ ತಾನೇ ಬಾಯಿ ತೆರೆದಳು.

ಮರಗಟ್ಟಿಸುವ ಸೂಜಿಗೆ ಒಮ್ಮೆ ಚೀರಿದಳು. ಉಳಿಸಲಾಗದ ಆ ಹಲ್ಲು ಬಂತು, ಹಿಂದೆಯೇ ಕೀವೂ ಬಂತು. ನಾನು ತಡೆಯಲಾರದೆ ಕೇಳಿದೆ, “ಇದೆಲ್ಲ ನನ್ನಿಂದಲೇ ಆಯ್ತಲ್ವಾ ಡಾಕ್ಟ್ರೇ?”

“ಯಾರೂ ಹೇಳಲಿಲ್ಲಂದ್ರ ನಿಮಗ ಹೆಂಗ ಗೊತ್ತಾಗಬೇಕ್ರಿ?” ಎಂದರು ಅವರು, ಕೈಗವಸು ಬಿಚ್ಚುತ್ತ. “ಹಾಲ್ಹಲ್ಲ ಬೀಳೂದು ಖರೆ. ಆದ್ರ ದವಡಿ ಹಲ್ಲ ಹತ್ತ ವರ್ಷದ ತನಕಾ ಬೇಕ್ರಿ, ಕೂಸು ಉಣಬೇಕಲ್ಲ? ಬಾಟ್ಲಿ ಬಿಡಿಸ್ರಿ. ಮಲಗೂ ಮುಂದ ನೀವ ಹಲ್ಲ ತಿಕ್ಕ್ರಿ. ಪೇಸ್ಟ್ ವಟಾಣಿ ಕಾಳಿನಷ್ಟ ಸಾಕು. ಬಾಜೂಕಿನ ಹಲ್ಲಿಗೂ ಹುಳ ಹತ್ತೈತಿ, ಅದನ್ನ ಉಳಿಸೂಣು, ಮುಂದಿನ ತಿಂಗಳ ಬರ್ರಿ.”

ಮೂರನೆಯ ದಿನ ಸಿರಿಯ ಮುಖ ಮೊದಲಿನಂತಾಯಿತು. ಅವಳು ರೊಟ್ಟಿಯ ಚೂರು ಕೇಳಿ ತಿಂದಾಗ ನಾನು ಅಡುಗೆಮನೆಗೆ ಹೋಗಿ ಅತ್ತೆ. ದುಃಖಕ್ಕಲ್ಲ, ಎದೆಯ ಮೇಲಿನ ಭಾರ ಇಳಿದದ್ದಕ್ಕೆ.

ಮುಂದಿನ ಲಸಿಕೆಯ ದಿನ ಸುಮಂಗಲಾ ನನ್ನನ್ನು ಕರೆದರು. “ನಾವು ಹೇಳಿದ್ರ ಹೂಂ ಅಂತಾರ, ಮರೀತಾರ. ನಿಮಗಾದದ್ದ ನೀವ ಹೇಳ್ರಿ,” ಎಂದರು. ಕಂಕುಳಲ್ಲಿ ಕೂಸುಗಳನ್ನಿಟ್ಟುಕೊಂಡ ತಾಯಂದಿರ ಮುಂದೆ ನಿಂತು ನಡೆದದ್ದನ್ನು ಹೇಳಿ, “ಮಕ್ಕಳ ತುಟಿ ಎತ್ತಿ ನೋಡ್ಬುಡಿ,” ಎಂದೆ. ನನ್ನ ಮಾತಿನ ಧಾಟಿಗೆ ಎಲ್ಲರೂ ಸೆರಗು ಬಾಯಿಗಿಟ್ಟು ನಕ್ಕರು. ನಗುತ್ತಲೇ ತುಟಿ ಎತ್ತಿದರು. ಒಬ್ಬ ತಾಯಿ ಮಾತ್ರ ನಗು ನಿಲ್ಲಿಸಿದಳು. ಅವಳ ಒಂದೂವರೆ ವರ್ಷದ ಮಗುವಿನ ಮೇಲಿನ ಹಲ್ಲುಗಳಲ್ಲಿ, ಒಸಡಿನ ಅಂಚಿಗೆ ಸುಣ್ಣದ ಗೆರೆಯಂಥ ಬಿಳುಪು. “ಅಂಜಬ್ಯಾಡ,” ಎಂದರು ಸುಮಂಗಲಾ, “ಇದು ಈಗ ಸುರು ಆಗೈತಿ. ಬೈಲಹೊಂಗಲದಾಗ ಔಷಧ ಹಚ್ಚಿದ್ರ, ಹಲ್ಲ ಸ್ವಚ್ಛ ಇಟ್ರ, ಇಲ್ಲೇ ನಿಲ್ಲತೈತಿ.” ಆ ತಾಯಿ ಮರುದಿನವೇ ಬೈಲಹೊಂಗಲದ ಬಸ್ಸು ಹತ್ತಿದಳು. ನೇಸರಗಿಯಲ್ಲಿ ನನ್ನಿಂದ ಒಂದು ಕೆಲಸವಾಯಿತು ಎಂದು ಮೊದಲ ಸಲ ಅನ್ನಿಸಿದ್ದು ಅಂದು.

ಕಳೆದ ತಿಂಗಳು ರಜೆಗೆ ಕೊಳ್ಳೇಗಾಲಕ್ಕೆ ಹೋಗಿದ್ದೆವು. ಸಿರಿಯ ಇನ್ನೊಂದು ಹಲ್ಲಿಗೆ ಸಿಮೆಂಟು ತುಂಬಿಸುವ ದಿನ ಹತ್ತಿರವಾಗಿತ್ತು, ಹೊರಡಬೇಕು ಎಂದೆ. ಅಮ್ಮನಿಗೆ ಬೇಸರವಾಯಿತು. “ಯಾಕವ್ವ, ಇಲ್ಲಿ ಹಲ್ಲು ನೋಡೋ ಡಾಕ್ಟ್ರಿಲ್ವಾ? ಇನ್ನೆಂಟು ದಿನ ಇದ್ಬುಡಿ.”

ನನಗಿಂತ ಮೊದಲೇ ಸಿರಿ ಹೇಳಿದಳು: “ಬ್ಯಾಡಜ್ಜಿ. ನಮ್ಮ ಡಾಕ್ಟರ್ ಅಲ್ಲಿ ಅದಾರ.”

ಅಮ್ಮ ಮೊಮ್ಮಗಳ ಮುಖವನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ ರಾಗಿಹಿಟ್ಟಿನ ಚೀಲ ಕಟ್ಟತೊಡಗಿದರು. ನಾನು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡೆ. ನೇಸರಗಿಗೆ ಹೊರಡುವ ಆತುರ ನನಗೂ ಇತ್ತು. ಅದು ಅಮ್ಮನಿಗೆ ಕಾಣದಂತೆ ಗಂಟು ಬಿಗಿಯಲು ನಿಧಾನ ಮಾಡಿದೆ.